ಅಸ್ಕರ್ ಇಳಿಸುವ ಅಂಕೆಗಳು

ಬೆಳ್ಳಾರೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಅಸ್ಕರ್‌ಗೆ, ಚೆನ್ನಾಗಿ ಓಡುವ ಮೆಷಿನ್ ಕಂಡರೂ ಕೈ ಸುಮ್ಮನಿರುವುದಿಲ್ಲ. ಗೇಮ್ ಇನ್ನೂ ಚುರುಕಾಗಲೆಂದು ರ‍್ಯಾಮ್‌ನ ಟೈಮಿಂಗನ್ನು, ಅಂದರೆ ಮೆಮೊರಿ ಉತ್ತರ ಕೊಡಲು ಮಾಡುವ ತಡವನ್ನು, ಒಂದೊಂದೇ ಅಂಕೆ ಇಳಿಸುತ್ತಾ ಹೋಗುತ್ತಾನೆ. ಪರದೆ ನೀಲಿಯಾಗಿ ನಿಂತುಬಿಟ್ಟರೆ, "ಅದಕ್ಕೆ ಕೋಪ ಬಂತು ಮಾರಾಯ್ರೆ" ಎಂದು ಒಂದಂಕೆ ಏರಿಸಿ ಮತ್ತೆ ಶುರು ಮಾಡುತ್ತಾನೆ. ಅಷ್ಟರಲ್ಲಿ ಗಿರಾಕಿಯ ಪುತ್ತೂರು ಬಸ್ಸು ಹೋಗಿರುತ್ತದೆ. "ಕಣ್ಣಿಗೇ ಕಾಣದ ಈ ವ್ಯತ್ಯಾಸ ಎಂತಕ್ಕೆ?" ಎಂದು ಒಮ್ಮೆ ಕೇಳಿದೆ. ಆ ದಿನದ ಮೆಷಿನ್ ಪಕ್ಕದಲ್ಲಿದ್ದ ಗೆಳೆಯ ಅವಿನ್‌ನದು; ಅಸ್ಕರ್ ಅವನನ್ನು ತೋರಿಸಿದ. ಬೈಕಿನಿಂದ ಬಿದ್ದ ಮೇಲೆ ಅವಿನ್‌ನ ಬೆರಳುಗಳು ನಿಧಾನ. "ಇವನ ಕೈ ತಡ ಮಾಡ್ತದೆ, ಮೆಷಿನ್ ಸಹ ತಡ ಮಾಡುದು ಬೇಡ." ಇಬ್ಬರೂ ಆಡಲು ಕುಳಿತರು. ಗೆದ್ದ ಅವಿನ್ ಸಂಶಯದಿಂದ, "ನೀನು ಬಿಟ್ಟುಕೊಟ್ಟದ್ದಲ್ಲ ಅಲ್ವಾ?" ಎಂದ. "ಎಂತ ಬಿಟ್ಟುಕೊಡುದು ಮಾರಾಯ!" ಎಂದ ಅಸ್ಕರ್‌ನ ಮುಖ ಸೋತ ಸಿಟ್ಟಿನಿಂದ ಕೆಂಪಾಗಿತ್ತು. "ಇನ್ನೊಂದು ಆಟ ಹಾಕು."