ಖೈರುನ್ ಟೀಚರ್ ನೋಡಿದ ಮುಖ

ಖೈರುನ್ನೀಸಾ ಹುಟ್ಟಿದ್ದು ಕಲ್ಯಾಣದುರ್ಗದಲ್ಲಿ, ಮದುವೆಯಾಗಿ ಬಂದದ್ದು ಹಿಂದೂಪುರಕ್ಕೆ. ಇಪ್ಪತ್ತೆರಡು ವರ್ಷದಿಂದ ಅಂಗನವಾಡಿ ಟೀಚರ್. ಬುರ್ಖಾ ಹಾಕುತ್ತಾಳೆ, ಮುಖ ಮುಚ್ಚುವುದಿಲ್ಲ. ಮುಚ್ಚು ಎಂದು ಅತ್ತೆ ಸಾಯುವವರೆಗೂ ಹೇಳಿದರು. ತೆಗೆದೇ ಬಿಡಬಾರದೇ ಎಂದು ಆಫೀಸಿನವರು ಈಗಲೂ ಹೇಳುತ್ತಾರೆ. ಎರಡೂ ಕಡೆಗೆ ಉತ್ತರ ಕೊಟ್ಟು ಕೊಟ್ಟು ಸಾಕಾಗಿ ಆಕೆ ಸುಮ್ಮನಾಗಿದ್ದಾಳೆ.

ಚುನಾವಣೆ ಬಂದಾಗಲೆಲ್ಲ ಆಕೆಗೆ ಮತಗಟ್ಟೆಯ ಕೆಲಸ ಬೀಳುತ್ತದೆ. ಮೂಲೆಯಲ್ಲಿ ಹಳೆ ಸೀರೆಯೊಂದನ್ನು ಅಡ್ಡ ಕಟ್ಟಿರುತ್ತಾರೆ. ಮುಖ ಮುಚ್ಚಿಕೊಂಡು ಬಂದ ಹೆಂಗಸರು ಅದರ ಹಿಂದೆ ಹೋಗಿ ಮುಖದ ಪರದೆ ಎತ್ತಬೇಕು. ಕಾರ್ಡಿನ ಫೋಟೊ, ಎದುರಿನ ಮುಖ ಎರಡನ್ನೂ ನೋಡಿ, ಹೌದು ಇವರೇ ಎಂದು ಖೈರುನ್ನೀಸಾ ಹೇಳಬೇಕು. ಆಕೆ ಇದ್ದರೆ ಮಾತ್ರ ಓಟಿಗೆ ಬರುತ್ತೇವೆ ಎನ್ನುವ ಮುದುಕಿಯರು ಆ ಬೀದಿಯಲ್ಲಿದ್ದಾರೆ.

ಹೋದ ಚುನಾವಣೆಯಲ್ಲಿ ಬೆಳಿಗ್ಗೆಯೇ ತಕರಾರು. ಒಂದು ಪಕ್ಷದ ಏಜೆಂಟ್ ಓಬುಳಪತಿ ಎದ್ದು ನಿಂತ.

"ಮೇಡಂ, ಈಯಮ್ಮನೂ ಬುರ್ಖಾದೋರೇ. ಅವರೋರ್ನ ಅವರೋರೇ ನೋಡ್ಕಂಡ್ರೆ ನಮಗೆ ನಂಬ್ಕೆ ಎಲ್ಲಿಂದ ಬತ್ತೈತೆ?"

"ಆರ್ಡರ್ ಅವರ ಹೆಸರಿಗಿದೆ. ಕೂತ್ಕೊಳ್ಳಿ," ಎಂದರು ಮತಗಟ್ಟೆಯ ಅಧಿಕಾರಿ ತ್ರಿವೇಣಿ ಮೇಡಂ.

ಖೈರುನ್ನೀಸಾ ಸೀರೆಯ ಹಿಂದೆ ಹೋಗಿ ನಿಂತಳು. ಇಂಥದ್ದನ್ನು ಆಕೆ ಕೇಳಿದ್ದು ಇದೇ ಮೊದಲ ಸಲವಲ್ಲ. ಮಧ್ಯಾಹ್ನ ಹತ್ತು ನಿಮಿಷ ಬಿಡುವು ಕೇಳಿಕೊಂಡು, ಪಕ್ಕದ ಕ್ಲಾಸ್‌ರೂಮಿನಲ್ಲಿ ಟವೆಲ್ ಹಾಸಿ ನಮಾಜು ಮಾಡಿ ಬಂದಳು. ಮೇ ತಿಂಗಳ ಬಿಸಿಲು, ಮೇಲೆ ತಗಡಿನ ಶೀಟು. ಸೊಂಟ ಸೆಳೆಯುತ್ತಿತ್ತು.

ಮೂರು ಗಂಟೆಯ ಸುಮಾರಿಗೆ ಒಬ್ಬ ಹುಡುಗಿ ಸೀರೆಯ ಹಿಂದೆ ಬಂದು ಪರದೆ ಎತ್ತಿದಳು. ಕಾರ್ಡಿನಲ್ಲಿದ್ದದ್ದು ಆಸ್ಮಾ, ಎದುರಿಗೆ ನಿಂತದ್ದು ಅವಳ ತಂಗಿ ರುಖಿಯಾ. ಇಬ್ಬರೂ ಖೈರುನ್ನೀಸಾಳ ಅಣ್ಣ ಫಕ್ರುದ್ದೀನನ ಮಕ್ಕಳು. ಹಿಂದೂಪುರಕ್ಕೆ ಸೊಸೆಯಾಗಿ ಬಂದಿದ್ದ ಆಸ್ಮಾ ಈಗ ಗಂಡನೊಂದಿಗೆ ಬೆಂಗಳೂರಿನಲ್ಲಿದ್ದಳು. ಅಕ್ಕನ ಅತ್ತೆಮನೆಗೆ ಬಂದಿದ್ದ ರುಖಿಯಾಳ ಕೈಗೆ ಆ ಮನೆಯವರು ಕಾರ್ಡು ಕೊಟ್ಟು ಕಳಿಸಿದ್ದರು.

"ಫುಪ್ಪೂ, ಒಳಗಿರೋದು ನಿಮ್ಮ ಸೋದರತ್ತೇನೇ, ಏನೂ ಆಗಲ್ಲ ಹೋಗು ಅಂದ್ರು," ಎಂದು ರುಖಿಯಾ ಪಿಸುಗುಟ್ಟಿದಳು.

ಖೈರುನ್ನೀಸಾ ಒಂದು ಗಳಿಗೆ ಆ ಮುಖವನ್ನೇ ನೋಡಿದಳು. ತಾನು ಎತ್ತಿ ಆಡಿಸಿದ ಮಗು. ಆಮೇಲೆ ಹೊರಗೆ ಬಂದು ಹೇಳಿದಳು:

"ಮೇಡಂ, ಈ ಕಾರ್ಡು ಈ ಹುಡುಗೀದಲ್ಲ."

ತ್ರಿವೇಣಿ ಮೇಡಂ ಕಾರ್ಡು ಇಟ್ಟುಕೊಂಡು, ಇನ್ನೊಮ್ಮೆ ಹೀಗೆ ಮಾಡಿದರೆ ಪೊಲೀಸಿಗೆ ಕೊಡಬೇಕಾಗುತ್ತದೆ ಎಂದು ಗದರಿ ಹುಡುಗಿಯನ್ನು ಕಳಿಸಿದರು. ಅಳುತ್ತಾ ಹೋದವಳ ಬೆನ್ನಿಗೇ ಓಬುಳಪತಿ ಎದ್ದ.

"ನಾನು ಬೆಳಿಗ್ಗೇನೇ ಹೇಳ್ಲಿಲ್ವಾ ಮೇಡಂ? ಇವರೆಲ್ಲಾ ಮಾಡೋದೇ ಇದು!"

ಖೈರುನ್ನೀಸಾ ಈಗ ಅವನತ್ತ ತಿರುಗಿದಳು.

"ಹಿಡಿದೋಳು ನಾನು ಕಣಪ್ಪ. ಆಕಿ ನಮ್ಮಣ್ಣನ ಮಗಳು. ನೀನು ಕುತ್ಕೋ."

ಓಬುಳಪತಿ ಕುಳಿತ. ತಪ್ಪಾಯಿತು ಅನ್ನಲಿಲ್ಲ, ಆಕೆ ನಿರೀಕ್ಷಿಸಿರಲೂ ಇಲ್ಲ. ಸಾಲು ಮುಗಿಯುವವರೆಗೂ ಸೀರೆಯ ಹಿಂದೆ ನಿಂತೇ ಇದ್ದಳು.

ಅಂದಿನಿಂದ ಅಣ್ಣ ಆಕೆಯ ಫೋನ್ ಎತ್ತುವುದನ್ನು ಬಿಟ್ಟ. ನಾಲ್ಕು ತಿಂಗಳ ನಂತರ ಕಲ್ಯಾಣದುರ್ಗದಲ್ಲಿ ರುಖಿಯಾಳ ನಿಕಾಹ್ ಎಂದು ಬೇರೆಯವರಿಂದ ತಿಳಿಯಿತು. ಖೈರುನ್ನೀಸಾ ಬಸ್ಸು ಹತ್ತಿದಳು.

"ಯಾರು ಕರೆದರು?" ಎಂದ ಫಕ್ರುದ್ದೀನ್, ಶಾಮಿಯಾನದ ಬಾಗಿಲಲ್ಲೇ.

"ನನ್ನ ಅಣ್ಣನ ಮನೆಗೆ ನನ್ನನ್ಯಾರು ಕರೀಬೇಕು?" ಎಂದು ಆಕೆ ಒಳಗೆ ನಡೆದಳು. ಅತ್ತಿಗೆ ನೀರು ಕೊಟ್ಟು ಅಡುಗೆಯ ಕಡೆ ಹೋದಳು.

ಮದುಮಗಳ ಪಕ್ಕದಲ್ಲಿ ಜಾಗ ಸಿಕ್ಕಾಗ ರುಖಿಯಾ ತಲೆ ತಗ್ಗಿಸಿಕೊಂಡೇ ಕೇಳಿದಳು: "ಅವತ್ತು ಒಂದು ಸಲ ಬಿಟ್ಟಿದ್ರೆ ಏನಾಗ್ತಿತ್ತು ಫುಪ್ಪೂ?"

"ಏನೂ ಆಗ್ತಿರಲಿಲ್ಲ ಕಣಮ್ಮ. ಆಮೇಲೆ ಬಂದೋರ ಮುಖ ನೋಡೋಕೆ ನನ್ನ ಕೈಲಿ ಆಗ್ತಿರಲಿಲ್ಲ, ಅಷ್ಟೇ."

ರುಖಿಯಾಗೆ ಅದು ಅರ್ಥವಾಯಿತೋ ಇಲ್ಲವೋ. ಮೆಹಂದಿ ಹಚ್ಚಿದ ಕೈಯನ್ನು ಆಕೆಯ ತೊಡೆಯ ಮೇಲೆ ಇಟ್ಟುಕೊಂಡು ಕುಳಿತಳು. ಅದನ್ನು ಸರಿಸಿ ಏಳಲು ಮನಸ್ಸಾಗದೆ ಖೈರುನ್ನೀಸಾ ಹಿಂದೂಪುರದ ನಾಲ್ಕು ಗಂಟೆಯ ಬಸ್ಸನ್ನು ಬಿಟ್ಟಳು.