ರಾಹುಕಾಲಕ್ಕೆ ಮುಂಚೆ ಹಾಕಿದ ಟ್ಯೂಬು

ಅಕ್ಷರಗಳು ಉದುರುತ್ತಿರಲಿಲ್ಲ. ಅದು ಮೊದಲು ಗೊತ್ತಾಗಿದ್ದು ನನಗೆ.

ರಾಜಾಜಿನಗರದ ಕಾರ್ಖಾನೆಗಳ ಕಡೆ ಒಂದು ಶೆಡ್ಡಿನಲ್ಲಿ ಕೆಲಸಕ್ಕಿದ್ದೆ. ಎಂಬತ್ತೇಳೋ ಎಂಬತ್ತೆಂಟೋ ಇಸವಿ. ಬೋರ್ಡು ಮಾಡುವ ಜಾಗ ಅದು. ಅಂಗಡಿ ಹೆಸರು, ಡಾಕ್ಟರ ಹೆಸರು, ಮಿಷನ್ನುಗಳ ಮೇಲೆ ಅಂಟಿಸುವ ಪಟ್ಟಿ, ಎಲ್ಲವನ್ನೂ ಪ್ಲಾಸ್ಟಿಕ್ ಹಲಗೆಯಲ್ಲಿ ಕೊರೆದು ಕೊಡುತ್ತಿದ್ದರು. ಮುಚ್ಚಿಹೋದ ಯಾವುದೋ ಫ್ಯಾಕ್ಟರಿಯಿಂದ ಯಜಮಾನರು ಫಾರಿನ್ನಿನ ಹಳೇ ಲೇಸರ್ ಮಿಷನ್ ತಂದಿದ್ದರು. ಅದರ ಬೆಳಕು ಕಣ್ಣಿಗೆ ಕಾಣದು. ಹಲಗೆಯ ಮೇಲೆ ಬಿದ್ದ ಕಡೆ ಹೊಗೆ ಏಳುತ್ತಿತ್ತು, ಅಷ್ಟೇ. ಕೊರೆದ ಹಲಗೆ ಅಲ್ಲಾಡಿಸಿ ಅಕ್ಷರ ಉದುರಿಸುವುದು, ಮಸಿ ತೊಳೆಯುವುದು, ಮಿಷನ್ನಿಗೆ ನೀರು ನೋಡಿಕೊಳ್ಳುವುದು ನನ್ನ ಕೆಲಸ. ನಾನು ಶಾಲೆಗೆ ಹೋದವಳಲ್ಲ. ಬರುವ ನಾಲ್ಕು ಅಕ್ಷರ ಬಂದದ್ದು ಅಲ್ಲಿ ನೆಲದ ಮೇಲೆ ಬಿದ್ದದ್ದನ್ನು ಆರಿಸಿ ಆರಿಸಿ.

ಮಿಷನ್ ಚೆನ್ನಾಗಿದ್ದಾಗ ಹಲಗೆ ಎತ್ತಿದರೆ ಸಾಕು, ಅಕ್ಷರ ತಾನಾಗಿ ಬೀಳುತ್ತಿತ್ತು. ಆ ಬೇಸಿಗೆಯಲ್ಲಿ ಹೆಬ್ಬೆರಳಿನಿಂದ ತಳ್ಳಬೇಕಾಯಿತು. ಆಮೇಲೆ ತಳ್ಳಿದರೂ ಬರದೆ ಮೂಲೆ ಮುರಿಯತೊಡಗಿತು. ಪಕ್ಕದಲ್ಲಿ ಕೂತು ಹಲಗೆಯ ಕಾಗದ ಸುಲಿಯುತ್ತಿದ್ದವಳು ಗೇಲಿ ಮಾಡಿದಳು.

"ಏನಕ್ಕಾ, ಹೆರಿಗೆ ಮಾಡಿಸ್ತಾ ಇದೀಯಾ?"

"ಮಾಡಿಸ್ತಾ ಇದೀನಿ ಕಣೇ. ಎಲ್ಲಾ ಸತ್ತೇ ಬರ್ತಾ ಇವೆ."

ಮೆಕ್ಯಾನಿಕ್‌ಗೆ ಹೇಳಿದೆ. ಅವನು ಮೂಡಲಪಾಳ್ಯದವನು, ನನಗಿಂತ ಹತ್ತು ವರ್ಷ ಚಿಕ್ಕವನು. ಹಿಂದೆ ಇದ್ದ ಗಿರಣಿಗೆ ಬೀಗ ಬಿದ್ದು ಎರಡು ವರ್ಷ ಮನೆಯಲ್ಲಿ ಕೂತಿದ್ದ. ಅಲ್ಲಿ ಗಲಾಟೆ ಮಾಡಿದವರ ಪೈಕಿ ಎಂದು ಹೆಸರು ಕೆಡಿಸಿಕೊಂಡಿದ್ದ. "ಇದೂ ಹೋದ್ರೆ ನನ್ನನ್ನ ಇನ್ನು ಯಾರೂ ಒಳಗೆ ಬಿಟ್ಕೊಳಲ್ಲ ಅಕ್ಕಾ" ಎಂದು ಊಟದ ಹೊತ್ತಿನಲ್ಲಿ ಹೇಳುತ್ತಿದ್ದ. ನನಗೆ ಸಮಾಧಾನ ಹೇಳಲು ಬಾರದು. "ಬಿಟ್ಕೊಳಲ್ಲ" ಎಂದೇ ಹೇಳಿದ್ದೆ. ನನ್ನ ಕಥೆಯೂ ಅದೇ. ಗಂಡ ಬೆನ್ನು ಮುರಿದುಕೊಂಡು ಕಾಮಾಕ್ಷಿಪಾಳ್ಯದ ಮನೆಯಲ್ಲಿ ಮಲಗಿದ್ದ. ತಿನ್ನುವುದು ಬಿಟ್ಟು ಬೇರೆ ಕೆಲಸ ಅವನಿಗೆ ಇರಲಿಲ್ಲ.

ಮೆಕ್ಯಾನಿಕ್ ಮಿಷನ್ ಮುಂದೆ ಒಂದು ಮರದ ಚೂರು ಇಟ್ಟು ಗುಂಡಿ ಒತ್ತಿದ. ಸುಟ್ಟ ಗುರುತು ದುಂಡಗೆ, ಕಪ್ಪಗೆ ಬೀಳಬೇಕಿತ್ತು. ಕಂದು ಬಣ್ಣಕ್ಕೆ, ಕತ್ತರಿಸಿದ ಉಗುರಿನ ಹಾಗೆ ಬಿತ್ತು. ಆಮೇಲೆ ಹಿಂದಿನ ಮುಚ್ಚಳ ತೆಗೆದು ತೋರಿಸಿದ. ಒಳಗೆ ಆಳುದ್ದದ ಗಾಜಿನ ಟ್ಯೂಬು. ಮಿಷನ್ ಕೊರೆಯುವಾಗ ಅದು ದಾಸವಾಳದ ಬಣ್ಣಕ್ಕೆ ಉರಿಯಬೇಕು. ಈಗ ಬೂದಿ ಕಲಸಿದ ನೀರಿನ ಬಣ್ಣಕ್ಕೆ ಮಿಣುಕುತ್ತಿತ್ತು.

"ಇದರ ಉಸಿರು ಹೋಗಿದೆ ಅಕ್ಕಾ. ಟ್ಯೂಬು ಬದಲಾಯಿಸಲೇಬೇಕು."

ಮಿಷನ್ ಆರಿಸಿದ ಮೇಲೂ ಅವನು ಕೂಡಲೇ ಕೈ ಹಾಕುತ್ತಿರಲಿಲ್ಲ. ಗೋಡೆಯ ಮೊಳೆಗೆ ನೇತುಹಾಕಿದ್ದ ಕೋಲೊಂದಿತ್ತು. ಅದರ ತುದಿಗೆ ತಾಮ್ರ, ತಾಮ್ರದಿಂದ ನೆಲಕ್ಕೆ ಇಳಿದ ವೈರು. ಆ ತಾಮ್ರವನ್ನು ಟ್ಯೂಬಿನ ಕೆಂಪು ವೈರಿನ ಬುಡಕ್ಕೆ ಮುಟ್ಟಿಸುತ್ತಿದ್ದ. ಚಟ್ ಎಂದು ಕಿಡಿ ಹಾರುತ್ತಿತ್ತು. "ಆಫ್ ಮಾಡಿದ್ರೂ ಕರೆಂಟು ಒಳಗೆ ಕೂತಿರ್ತದೆ. ಇದು ಮುಟ್ಟಿಸದೆ ಕೈ ಹಾಕಿದವನು ಮನೆಗೆ ಹೋಗಲ್ಲ" ಎನ್ನುತ್ತಿದ್ದ.

ನೀರಿನ ವಿಷಯ ಹೇಳಿಕೊಟ್ಟವನೂ ಅವನೇ. ಗಾಜಿನೊಳಗೆ ಗಾಜು, ನಡುವೆ ನೀರು ಓಡಬೇಕು. ಬೋರಿನ ನೀರು ಹಾಕಿದರೆ ಬಿಳಿ ಹಕ್ಕಳೆ ಕಟ್ಟುತ್ತದೆ. ಹಾಗಾಗಿ ಬ್ಯಾಟರಿಗೆ ಹಾಕುವ ನೀರನ್ನೇ ಮಾಗಡಿ ರಸ್ತೆಯಿಂದ ಕ್ಯಾನಿನಲ್ಲಿ ಹೊತ್ತು ತರುತ್ತಿದ್ದೆ. "ಇದೇನಪ್ಪಾ, ನಮ್ಮನೆ ಹಸು ಬೀದಿ ನಲ್ಲಿ ನೀರು ಕುಡೀತಿತ್ತು, ಇದಕ್ಕೆ ಅಂಗಡಿ ನೀರೇ ಬೇಕಾ?" ಎಂದಿದ್ದೆ. ಅವನು ನಕ್ಕಿರಲಿಲ್ಲ.

"ಉರಿಯೋ ಲಾಟೀನು ಗಾಜಿನ ಮೇಲೆ ಒಂದು ಹನಿ ನೀರು ಬಿದ್ರೆ ಏನಾಗ್ತದೆ?"

"ಸೀಳ್ತದೆ."

"ಇಲ್ಲಿ ಉಲ್ಟಾ. ಎಲ್ಲಾ ಕಡೆ ನೀರಿದ್ದು ಒಂದು ಕಡೆ ಗಾಳಿ ಗುಳ್ಳೆ ನಿಂತ್ರೆ ಅಲ್ಲೇ ಸೀಳ್ತದೆ. ಗುಳ್ಳೆ ಕಂಡ್ರೆ ಮಿಷನ್ ಹಾಕೋಕೆ ಬಿಡಬೇಡಿ. ಯಾರೇ ಹೇಳ್ಲಿ."

ಮಿಷನ್ ಜೊತೆ ಬಂದ ಟ್ಯೂಬು ಇನ್ನೊಂದೇ ಒಂದಿತ್ತು, ಮರದ ಪೆಟ್ಟಿಗೆಯಲ್ಲಿ ಹುಲ್ಲಿನ ನಡುವೆ. ಅದಾದ ಮೇಲೆ ಇಲ್ಲ. ಫಾರಿನ್ನಿನವರು ಆ ಮಿಷನ್ ಮಾಡುವುದನ್ನೇ ನಿಲ್ಲಿಸಿದ್ದರಂತೆ. ಯಜಮಾನರು ಎಲ್ಲರನ್ನೂ ನಿಲ್ಲಿಸಿ ಹೇಳಿದರು. "ಇದು ಒಡೆದ್ರೆ ಒಡೆದವನು ಆವತ್ತೇ ಗೇಟಿನ ಆಚೆ."

ಶುಕ್ರವಾರ ಒಳ್ಳೆಯ ದಿನ ಎಂದು ಟ್ಯೂಬು ಹಾಕುವುದಕ್ಕೆ ಅದನ್ನೇ ಗೊತ್ತು ಮಾಡಿದರು. ಆದರೆ ಶುಕ್ರವಾರ ಹತ್ತೂವರೆಗೆ ರಾಹುಕಾಲ ಹಿಡಿದರೆ ಹನ್ನೆರಡರವರೆಗೆ. ಹನ್ನೆರಡಕ್ಕೆ ಪವರ್ ಕಟ್, ಸಂಜೆ ನಾಲ್ಕರವರೆಗೆ. ಮೊದಲು ಆ ಮಿಷನ್ ರಾಹುಕಾಲದಲ್ಲಿ ಶುರು ಮಾಡಿದ್ದರಿಂದಲೇ ಪಾಲುದಾರ ಕೈ ಬಿಟ್ಟು ಹೋದ ಎಂದು ಯಜಮಾನರು ನಂಬಿದ್ದರು. ಈ ಸಲ ಹತ್ತೂವರೆ ಒಳಗೆ ಶುರುವಾಗಲೇಬೇಕು ಎಂದರು. ಹಾಗೆಂದವರು ಪೆಟ್ಟಿಗೆ ಇದ್ದ ಕೋಣೆಯ ಬೀಗದ ಕೈ ಮನೆಯಲ್ಲಿ ಮರೆತು ಬಂದಿದ್ದರು. ಅದು ಬರುವಾಗ ಒಂಬತ್ತೂವರೆ.

ಮೆಕ್ಯಾನಿಕ್ ಕೋಲು ಮುಟ್ಟಿಸಿದ, ವೈರು ಬಿಡಿಸಿದ, ಪೈಪು ಕಿತ್ತ. ಹಳೇ ಟ್ಯೂಬಿನ ಒಂದು ತುದಿ ಅವನು, ಒಂದು ತುದಿ ನಾನು ಹಿಡಿದು ಹೆಣ ಇಳಿಸುವ ಹಾಗೆ ನೆಲಕ್ಕೆ ಇಳಿಸಿದೆವು. ಹೊಸದನ್ನು ಎತ್ತಿ ಇಟ್ಟೆವು. ಅವನ ಕೈ ನಡುಗಲಿಲ್ಲ. ಅದನ್ನು ಹೇಳಬೇಕು. ಟ್ಯೂಬನ್ನು ಈಚೆ ತುದಿಯಲ್ಲಿ ಹಿಡಿದಿಡುವ ಕ್ಲಾಂಪನ್ನು ಬೆರಳಿನಲ್ಲೇ ತಿರುಗಿಸಿ, ಕೊನೆಗೆ ಮಾತ್ರ ಸ್ಪ್ಯಾನರ್ ಮುಟ್ಟಿಸಿದ. ಪಂಪು ಹಾಕಿದಾಗ ನೀರು ಗುಳುಗುಳು ಎಂದು ಒಳಗೆ ನುಗ್ಗಿತು. ಗುಳ್ಳೆಗಳು ಸಾಲಾಗಿ ಆಚೆ ಹೋದವು. ಒಂದು ಮಾತ್ರ ಆಚೆ ತುದಿಯಲ್ಲಿ, ಮೇಲುಗಡೆ, ಅವರೆಕಾಳಿನಷ್ಟು, ಅಲ್ಲಾಡದೆ ನಿಂತಿತು.

"ಸಾರ್, ಒಂದು ಗುಳ್ಳೆ ಉಳಿದಿದೆ. ಟ್ಯೂಬನ್ನ ಸ್ವಲ್ಪ ತಿರುಗಿಸಬೇಕು. ಅರ್ಧ ಗಂಟೆ ಕೊಡಿ."

"ಗಡಿಯಾರ ನೋಡಿದೀಯಾ? ಹತ್ತು ಇಪ್ಪತ್ತು!" ಯಜಮಾನರು ಆಗಲೇ ಮಿಷನ್ನಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಕರ್ಪೂರ ಹಚ್ಚಿದ್ದರು. ಬಗ್ಗಿ ನೋಡಿದರು. ಅವರ ಕನ್ನಡಕಕ್ಕೆ ಅದು ಸಿಗಲಿಲ್ಲ. "ಎಲ್ಲಯ್ಯಾ ಗುಳ್ಳೆ? ಗಿರಣಿಯಲ್ಲಿ ಕಲ್ತಿರೋ ಬುದ್ಧಿ ಇಲ್ಲಿ ತೋರಿಸ್ಬೇಡ, ಕೆಲಸ ಎಳೆಯೋದು."

"ಎಳೀತಾ ಇಲ್ಲ ಸಾರ್. ಅಕ್ಕನ್ನ ಕೇಳಿ, ನೀರು ನೋಡೋದು ಅವರೇ."

ಯಜಮಾನರು ನನ್ನ ಕಡೆ ತಿರುಗಿದರು. "ಏನಮ್ಮಾ, ನಿನಗೆ ಕಾಣ್ತದಾ?"

ಕಾಣುತ್ತಿತ್ತು. ನನ್ನ ಕಣ್ಣಿಗೆ ಆಗ ಏನೂ ದೋಷವಿರಲಿಲ್ಲ. ಆದರೆ ಹಿಂದಿನ ವಾರ, ನನ್ನನ್ನು ಹೆರಿಗೆ ಎಂದು ಗೇಲಿ ಮಾಡಿದವಳು ಇವರಿಗೆ ಒಂದು ಮಾತು ಎದುರಾಡಿದ್ದಕ್ಕೆ ಊಟದ ಡಬ್ಬಿ ಬಿಚ್ಚುವ ಮೊದಲೇ ಆಚೆ ಹೋಗಿದ್ದಳು. ಅವಳು ಕೂರುತ್ತಿದ್ದ ಗೋಣಿ ಇನ್ನೂ ಅಲ್ಲೇ ಬಿದ್ದಿತ್ತು. ಇವರಿಗೆ ಯಾವ ಉತ್ತರ ಬೇಕೋ ಅದು ಮುಖದಲ್ಲೇ ಇತ್ತು.

"ನನಗೇನೂ ಕಾಣಲ್ಲ ಸಾರ್" ಎಂದೆ.

ಮೆಕ್ಯಾನಿಕ್ ನನ್ನನ್ನು ನೋಡಿದ. ಮುಚ್ಚಳ ಹಾಕಿದ.

ಹತ್ತು ಇಪ್ಪತ್ತಾರಕ್ಕೆ ಗುಂಡಿ ಒತ್ತಿದವರು ಯಜಮಾನರೇ. ಮುಚ್ಚಳದ ಸಂದಿನಲ್ಲಿ ದಾಸವಾಳದ ಬಣ್ಣ ಹೊತ್ತಿತು. ಎಲ್ಲರೂ ಕೈ ಮುಗಿದರು. ಹಲಗೆಯಲ್ಲಿ ಒಂದು ಅಕ್ಷರ ಪೂರ್ತಿ ಕೊರೆಯಿತು, ಎರಡನೆಯದು ಅರ್ಧ. ಒಳಗೆ ಟಿಕ್ ಎಂದಿತು. ಬಳೆ ಒಡೆದಷ್ಟೇ ಸದ್ದು. ಬಣ್ಣ ಆರಿತು. ಮಿಷನ್ ಕೆಳಗಿಂದ ಬ್ಯಾಟರಿ ನೀರು ನೆಲದ ಮೇಲೆ ಹರಿದು ನನ್ನ ಕಾಲಿಗೆ ಬಂತು.

"ಕ್ಲಾಂಪು ಬಿಗಿ ಮಾಡಿ ಒಡೆದ! ನನ್ನ ಮನೆ ಮುರಿದ ಇವನು!" ಯಜಮಾನರು ಕೂಗಿದರು. "ಆಚೆ ಹೋಗೋ! ಈಗಲೇ!"

ಮೆಕ್ಯಾನಿಕ್ ನೀರಿಗೆ ಕಾಲು ತಾಕದ ಹಾಗೆ ಸುತ್ತಿಕೊಂಡು ಹೋಗಿ ಗೋಡೆಯ ಮೇನ್ ಆರಿಸಿದ. ಕೋಲು ತಂದು, ಮುಚ್ಚಳ ತೆಗೆದು, ಕೆಂಪು ವೈರಿನ ಬುಡಕ್ಕೆ ಮುಟ್ಟಿಸಿದ. ಚಟ್ ಎಂದಿತು. ಇನ್ನೊಮ್ಮೆ ಮುಟ್ಟಿಸಿದ, ಸದ್ದಿಲ್ಲ. ಕೋಲನ್ನು ಮತ್ತೆ ಮೊಳೆಗೆ ಹಾಕಿ, ಚೀಲ ತೆಗೆದುಕೊಂಡು ಹೋದ. ನೀರು ಒರೆಸಿ ಗಾಜು ತೆಗೆಯಬೇಕಾದವಳು ನಾನು. ಯಾರಾದರೂ ಸಾಯುವುದಿದ್ದರೆ ನಾನೇ ಸಾಯುತ್ತಿದ್ದೆ. ಅದು ಅವನಿಗೆ ಗೊತ್ತಿತ್ತು.

ಗಾಜು ಗುಡಿಸುವಾಗ ನೋಡಿದೆ. ಕ್ಲಾಂಪಿನ ಕಡೆ ಗಾಜು ನೆಟ್ಟಗಿತ್ತು. ಸೀಳಿದ್ದು ಆಚೆ ತುದಿಯಲ್ಲಿ, ಗುಳ್ಳೆ ನಿಂತ ಕಡೆ. ಆಗಲಾದರೂ ಯಜಮಾನರಿಗೆ ತೋರಿಸಬಹುದಿತ್ತು. ಗೋಣಿಗೆ ತುಂಬಿ ತಿಪ್ಪೆಗೆ ಹಾಕಿ ಬಂದೆ. ಮಿಷನ್ನಿಗೆ ಟಾರ್ಪಾಲು ಹೊದಿಸಿದರು. ಕೈಯಲ್ಲಿ ಕೊರೆಯುವ ಹಳೇ ಕೆಲಸ ಮತ್ತೆ ಶುರುವಾಯಿತು, ನನಗೆ ಗುಡಿಸುವ ಕೆಲಸ ಉಳಿಯಿತು. ನಾಲ್ಕು ವರ್ಷ ಅಲ್ಲೇ ಇದ್ದೆ.

ಮಾರನೇ ವರ್ಷ ಕಾಮಾಕ್ಷಿಪಾಳ್ಯದ ಬಸ್ ಸ್ಟಾಪಿನಲ್ಲಿ ಅವನು ಸಿಕ್ಕಿದ. ಶರ್ಟಿನ ತುಂಬ ಸಿಮೆಂಟು. ಕಟ್ಟಡದ ಕೆಲಸದಲ್ಲಿ ಬಾಂಡ್ಲಿ ಹೊರುತ್ತಿದ್ದ.

"ಚೆನ್ನಾಗಿದೀರಾ ಅಕ್ಕಾ? ಯಜಮಾನ್ರ ಬೆನ್ನು ಹೇಗಿದೆ?" ಎಂದು ನನ್ನ ಗಂಡನನ್ನು ವಿಚಾರಿಸಿದ.

"ಹಂಗೇ ಇದೆ."

ಬಸ್ಸು ಬರುತ್ತಿದೆಯಾ ಎಂದು ನೋಡಿ ಕೇಳಿದ. "ಆವತ್ತು ನಿಮಗೆ ಕಂಡಿತ್ತು ಅಲ್ವಾ?"

"ಕಂಡಿತ್ತು."

ತಲೆ ಆಡಿಸಿದ. ಬಸ್ಸು ಬಂತು. ಅವನು ಹಿಂದಿನ ಬಾಗಿಲಲ್ಲಿ ಹತ್ತಿದ. ನಾನೂ ಅದೇ ಬಸ್ಸಿಗೆ ಕಾಯುತ್ತಿದ್ದವಳು, ಮುಂದಿನ ಬಾಗಿಲಲ್ಲಿ ಹತ್ತಬೇಕಿತ್ತು. ಹತ್ತಲಿಲ್ಲ. ಇನ್ನೊಂದು ಬಸ್ಸು ಬರಲು ಮುಕ್ಕಾಲು ಗಂಟೆಯಾಯಿತು, ನಿಂತುಕೊಂಡೇ ಇದ್ದೆ.