ಒಗೆಯದ ಬಟ್ಟೆ

ಚಿಕ್ಕಮ್ಮನ ಮನೆಗೆ ಬರುವ ನಾಯಿ ಬೆಕ್ಕುಗಳಿಗೆಲ್ಲ ಒಂದೇ ಕಾನೂನು. ಯಜಮಾನರು ತೊಟ್ಟು ಬಿಟ್ಟ, ಒಗೆಯದ ಒಂದು ಬಟ್ಟೆ ಜೊತೆಗೆ ಬರಬೇಕು. ಅದನ್ನು ಹಾಸಿಕೊಟ್ಟರೆ ಎಂಥ ರಚ್ಚೆ ಹಿಡಿದ ಪ್ರಾಣಿಯೂ ಮೂಗು ಹುದುಗಿಸಿ ಮಲಗಿಬಿಡುತ್ತದೆ. ಪರಊರಿಗೆ ಹೋಗುವವರ ಪ್ರಾಣಿಗಳನ್ನು ತನ್ನ ಎರಡು ಕೋಣೆಯ ಮನೆಯಲ್ಲಿ ನೋಡಿಕೊಳ್ಳುವ ಅವಳು ಓಣಿಗೆಲ್ಲ ಚಿಕ್ಕಮ್ಮ. ಸ್ವಂತ ಅಕ್ಕನ ಮಕ್ಕಳು ಮಾತ್ರ ನಾಯಿಕೂದಲಿಗೆ ಹೆದರಿ ಇತ್ತ ತಲೆ ಹಾಕುವುದಿಲ್ಲ. ಗಂಡ ದರ್ಜಿ. ಮುಂದಿನ ಕೋಣೆಯ ಗೋಡೆಗೆ ಒತ್ತಿಕೊಂಡು ಅವನ ಹೊಲಿಗೆ ಯಂತ್ರ.

"ಈ ಮನೇಲಿ ಮನುಷ್ಯ ಅಂತ ಇರೋನು ನಾನೊಬ್ಬ. ನನಗೇ ಜಾಗ ಇಲ್ಲ," ಎಂದು ಅವನು ದಿನಾ ಗೊಣಗುತ್ತಿದ್ದ. ಗೊಣಗುತ್ತಲೇ ಬೆಕ್ಕಿಗೆ ಕಾಲ ಬಳಿ ಜಾಗ ಬಿಡುತ್ತಿದ್ದ.

ಕರಿಯನನ್ನು ಕರೆತಂದವನು ಒಬ್ಬ ಕಂಟ್ರಾಕ್ಟರ್. ಕರುವಿನಷ್ಟು ದೊಡ್ಡ ನಾಯಿ. ಅವನ ಹೆಂಡತಿ ಕಾರಿನಿಂದ ಇಳಿಯಲೇ ಇಲ್ಲ. ಕಿಟಕಿಯಿಂದ ನಾಯಿಯನ್ನೇ ನೋಡುತ್ತಿದ್ದಳು. ಕಂಟ್ರಾಕ್ಟರ್ ಹಿಂದಿನ ದಿನ ತೊಟ್ಟಿದ್ದ ಅಂಗಿಯನ್ನು ಚಿಕ್ಕಮ್ಮನ ಕೈಗೆ ತುರುಕಿ ಹೊರಟುಹೋದ.

ಅಂಗಿ ಹಾಸಿದ್ದೇ ತಡ, ಕರಿಯನ ಬೆನ್ನ ಕೂದಲು ನೆಟ್ಟಗಾಯಿತು. ಕಾಲರಿಗೆ ಬಾಯಿ ಹಾಕಿ ಪರಪರನೆ ಹರಿದ. ಏನು ಗಲಾಟೆ ಎಂದು ನೋಡಲು ಬಂದ ಹಲ್ಲುದುರಿದ ಪುಟ್ಟ ಬಿಳಿ ನಾಯಿಯ ಕುತ್ತಿಗೆ ಹಿಡಿದು ಝಾಡಿಸಿದ. ಚಿಕ್ಕಮ್ಮ ಹಿಂದುಮುಂದು ನೋಡದೆ ಅವನ ಬಾಯೊಳಗೆ ಕೈ ತೂರಿಸಿದಳು. ಮುಂಗೈ ಸೀಳಿ ನೆಲವೆಲ್ಲ ರಕ್ತ. ಬಿಳಿ ನಾಯಿ ಕುಂಟುತ್ತಾ ಓಡಿತು. ಚಿಕ್ಕಮ್ಮನಿಗೆ ಪಿತ್ತ ನೆತ್ತಿಗೇರಿತು. ಗಂಡನ ಅಳತೆ ಕೋಲು ಎಳೆದುಕೊಂಡು ಒಂದು ಬಾರಿಸಿದಳು, ಇನ್ನೊಂದು ಬಾರಿಸಲು ಎತ್ತಿದಳು.

ಕರಿಯ ಗುರ್ ಎನ್ನಲಿಲ್ಲ, ಓಡಲೂ ಇಲ್ಲ. ಗೋಡೆಯ ಕಡೆ ತಲೆ ಮಾಡಿ, ಕಣ್ಣು ಮುಚ್ಚಿ, ನೆಲಕ್ಕೆ ಅಂಟಿಕೊಂಡು ಮುಂದಿನ ಏಟಿಗೆ ಕಾದ.

ಅವಳು ಕೋಲು ಬಿಸಾಕಿದಳು. ಪಕ್ಕದಲ್ಲಿ ಕೂತು ಕೂದಲು ಬಿಡಿಸಿ ನೋಡಿದಳು. ಪಕ್ಕೆಲುಬಿನ ಮೇಲೆ ಗಂಟುಗಳು. ಹೊಟ್ಟೆಯ ಹತ್ತಿರ ಸಿಗರೇಟಿನ ತುದಿಯಷ್ಟು ದುಂಡನೆಯ ಸುಟ್ಟ ಗಾಯಗಳು. ಹೊಡೆಯುವವನ ಅಂಗಿಯನ್ನೇ ಹಾಸಿ, ಮಲಗು ಎಂದಿದ್ದಳು! ತನ್ನ ಕಾನೂನಿನ ಮೇಲೆ ಅವಳಿಗೇ ಹೇಸಿಗೆಯಾಯಿತು.

"ಇದನ್ನ ಅವನಿಗೆ ವಾಪಸ್ ಕೊಡಲ್ಲ," ಎಂದಳು, ತನ್ನ ಸೀಳಿದ ಕೈಗೆ ಬಟ್ಟೆ ಸುತ್ತುತ್ತಿದ್ದ ಗಂಡನಿಗೆ.

"ನಾಯಿ ಅವಂದು ಕಣೇ."

"ಆಗಿರಲಿ."

ವಾರ ಕಳೆದು ಕಂಟ್ರಾಕ್ಟರ್ ಒಬ್ಬನೇ ಬಂದ. ಅವನ ದನಿ ಕೇಳಿದ್ದೇ ಕರಿಯ ಯಂತ್ರದ ಕೆಳಗೆ ನುಗ್ಗಿ ಉಚ್ಚೆ ಹೊಯ್ದುಕೊಂಡ.

"ಕೊಡಲ್ಲ," ಎಂದಳು ಚಿಕ್ಕಮ್ಮ.

"ನನ್ನ ನಾಯಿ, ನನ್ನಿಷ್ಟ. ನೀನ್ಯಾವಳೇ ಕೇಳೋಕೆ?" ಅವನು ಅವಳನ್ನು ತಳ್ಳಿ ಒಳನುಗ್ಗಿದ. ಯಂತ್ರದ ಕೆಳಗೆ ಬೂಟುಗಾಲಿನಿಂದ ಒದ್ದ, ಮತ್ತೆ ಒದ್ದ. ನಾಯಿ ಹೊರಬರದಿದ್ದಾಗ ಸರಪಳಿಯನ್ನು ಮುಷ್ಟಿಗೆ ಸುತ್ತಿ ಬೀಸಿದ. ಅಡ್ಡ ಬಂದ ಚಿಕ್ಕಮ್ಮನ ದವಡೆಗೆ ಅದು ಬಡಿಯಿತು. ಹಲ್ಲೊಂದು ಕಿತ್ತುಬಂದು ಬಾಯಿ ರಕ್ತದಿಂದ ತುಂಬಿತು. ಅವನು ಸರಪಳಿಯನ್ನು ಮತ್ತೆ ಎತ್ತಿದ.

ಜನ್ಮದಲ್ಲಿ ಯಾರ ಮೇಲೂ ಕೈ ಎತ್ತದ ದರ್ಜಿ, ಕಾದಿದ್ದ ಇಸ್ತ್ರಿಪೆಟ್ಟಿಗೆಯನ್ನು ಆ ಕೈಯ ಮೇಲೆ ಒತ್ತಿಬಿಟ್ಟ. ಚರ್ಮ ಚುರ್ ಎಂದಿತು. ಕಂಟ್ರಾಕ್ಟರ್ ಬೊಬ್ಬೆ ಹೊಡೆಯುತ್ತಾ ಬಾಗಿಲಿಗೆ ಹಾರಿದ.

"ಪೊಲೀಸ್ ಕರೀತೀನಿ!"

"ಕರಿ. ಅವರ ಪ್ಯಾಂಟ್ ಹೊಲಿಯೋನೂ ನಾನೇ," ಎಂದ ದರ್ಜಿ. ಕಂಟ್ರಾಕ್ಟರ್ ಹೋದಮೇಲೆ ಅವನ ಕೈಯಿಂದ ಇಸ್ತ್ರಿಪೆಟ್ಟಿಗೆ ಬಿಡಿಸಿ ಇಡಲು ಹೆಂಡತಿಯೇ ಬರಬೇಕಾಯಿತು. ಇಬ್ಬರಿಗೂ ಒಳಗೊಳಗೇ ಗೆದ್ದ ಖುಷಿ.

ಸಂಜೆ ಬಾಗಿಲು ತಟ್ಟಿದ್ದು ಕಂಟ್ರಾಕ್ಟರನ ಹೆಂಡತಿ. ಒಂದು ಕಣ್ಣು ಊದಿ ಮುಚ್ಚಿತ್ತು. ತುಟಿ ಒಡೆದು ರಕ್ತ ಸ್ವೆಟರಿನ ಮೇಲೆಲ್ಲ ಇಳಿದಿತ್ತು. ಒಳಬಂದು ನೆಲದ ಮೇಲೆ ಕೂತಳು. ಕರಿಯ ತೆವಳಿಕೊಂಡು ಬಂದು ಅವಳ ಮಡಿಲಿಗೆ ತಲೆ ಇಟ್ಟ.

"ಇವನು ಇಲ್ಲೇ ಇರಲಿ ಚಿಕ್ಕಮ್ಮ. ಅವರು ಕುಡಿದು ಮಲಗಿದಾರೆ, ಏಳೋದ್ರೊಳಗೆ ನಾನು ಮನೆ ಸೇರಬೇಕು." ಎದ್ದವಳು ಏನೋ ನೆನಪಾಗಿ ಸ್ವೆಟರ್ ಬಿಚ್ಚತೊಡಗಿದಳು. "ನಿಮ್ಮ ಕಾನೂನು ಗೊತ್ತು. ಅವತ್ತೂ ಕೊಡಬೇಕು ಅಂತಿದ್ದೆ, ಇಳಿಯೋಕೆ ಬಿಡಲಿಲ್ಲ. ರಕ್ತ ಆಗಿದೆ, ಪರವಾಗಿಲ್ವಾ?"

ಅರ್ಧ ಬಿಚ್ಚಿದ ತೋಳಿನ ಕೆಳಗೆ ಅವೇ ದುಂಡನೆಯ ಸುಟ್ಟ ಗಾಯಗಳು. ನಾಯಿಯನ್ನು ಉಳಿಸಿದೆವೆಂದು ತಾವಿಬ್ಬರೂ ಬೀಗುತ್ತಿದ್ದಾಗ, ಅದಕ್ಕೆ ಬೀಳಬೇಕಿದ್ದ ಏಟುಗಳೆಲ್ಲ ಇವಳ ಮೇಲೆ ಬಿದ್ದಿದ್ದವು. ಚಿಕ್ಕಮ್ಮ ಸ್ವೆಟರಿನ ತೋಳನ್ನು ಮತ್ತೆ ಕೆಳಗೆಳೆದಳು.

"ಈ ಸಲ ಬಟ್ಟೆ ಬೇಡಮ್ಮ. ನೀನೇ ಇರು."

ಹೆಂಗಸು ಸುತ್ತ ನೋಡಿದಳು. ಬೆಕ್ಕಿನ ಬುಟ್ಟಿ, ಬಿಳಿ ನಾಯಿಯ ಹಾಸಿಗೆ, ಬಟ್ಟೆಯ ರಾಶಿ.

"ಇಲ್ಲಿ ಜಾಗ ಎಲ್ಲಿದೆ ಚಿಕ್ಕಮ್ಮ?"

ದರ್ಜಿ ಆಗಲೇ ಎದ್ದಿದ್ದ. ಗೋಡೆಗೆ ಒತ್ತಿಕೊಂಡಿದ್ದ ಯಂತ್ರವನ್ನು ನೆಲದ ಮೇಲೆ ಕರ್ರೆಂದು ಎಳೆದು, ಮುಂಬಾಗಿಲಿಗೆ ಅಡ್ಡವಾಗಿ ನಿಲ್ಲಿಸಿದ. ಗೋಡೆಯ ಬದಿ ಒಂದು ಹಾಸಿಗೆ ಹಿಡಿಯುವಷ್ಟು ಜಾಗವಾಯಿತು.